ಮರವಂತೆಯ ಎರಡನೇ ಬೆರೋಲಾ

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮರಾ ಇದೆ, ಫೋಟೋ ಅಂದರೆ ಏನು ಮಹಾ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಹೆಮ್ಮಾಡಿಯಲ್ಲಿ ಐದನೇ ಕ್ಲಾಸು ಓದುತ್ತಿದ್ದಾಗ ನಮ್ಮ ಸುತ್ತಿನ ಹತ್ತು ಮನೆಗೆ ಸೇರಿ ಇದ್ದದ್ದು ಒಂದೇ ಕ್ಯಾಮರಾ. ಅದು ನನ್ನ ಗಿರಿಜ ಚಿಕ್ಕಿಯದು. ಚಿಕ್ಕಿ ಎಂದರೆ ಅಬ್ಬಿಯ ತಂಗಿ. ನಮ್ಮ ಕಡೆ ಅಮ್ಮನಿಗೆ ಅಬ್ಬಿ ಎನ್ನುತ್ತೇವೆ. ಆ ಕ್ಯಾಮರಾದ ಕಥೆಯನ್ನು ನಾನು ಈವರೆಗೆ ಬರೆಯದೇ ಇದ್ದದ್ದು, ಬರೆಯಲು ಕೂತರೆ ಸಿಟ್ಟು ನೆತ್ತಿಗೇರುತ್ತದೆ ಎಂಬ ಒಂದೇ ಕಾರಣಕ್ಕೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಲಕ್ಷಣ ಕಾಣುವುದಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತೇನೆ.

ಕ್ಯಾಮರಾದ ಹೆಸರು ಬೆರೋಲಾ. ನೀವು ಕೇಳಿರಲಿಕ್ಕಿಲ್ಲ. ಯಾರೂ ಕೇಳಿರಲಿಲ್ಲ, ಅದೇ ತಾಪತ್ರಯ. ನನ್ನ ಅಪ್ಪಯ್ಯ ಬೊಂಬಾಯಿಯಲ್ಲಿ ಒಂದು ಹೋಟೆಲಿನ ಮೆನೇಜರ್ ಆಗಿದ್ದರು. ಅಲ್ಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಹಡಗಿನ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹೊರಡುವಾಗ ಅದನ್ನು ಅಪ್ಪಯ್ಯನ ಕೈಗಿಟ್ಟು ಹೋದನಂತೆ. ಅಪ್ಪಯ್ಯನಿಗೆ ಅದರ ತಲೆಬುಡ ತಿಳಿಯದೆ ಊರಿಗೆ ತಂದರು. ಮನೆಯಲ್ಲಿ ಎಲ್ಲರೂ ಅತ್ತ ಇತ್ತ ತಿರುಗಿಸಿ ನೋಡಿ ಕೆಳಗಿಟ್ಟರು. ಚಿಕ್ಕಿ ಕೆಳಗಿಡಲಿಲ್ಲ.

ಕಪ್ಪು ಪೆಟ್ಟಿಗೆ. ಮುಂದುಗಡೆ ಮೇಲೊಂದು ಕೆಳಗೊಂದು ಎರಡು ಗಾಜಿನ ಕಣ್ಣು. ಮೇಲಿನ ಕಣ್ಣು ನಾವು ನೋಡಲಿಕ್ಕೆ, ಕೆಳಗಿನದು ಫೋಟೋ ಹಿಡಿಯಲಿಕ್ಕೆ. ಉಳಿದ ಕ್ಯಾಮರಾಗಳ ಹಾಗೆ ಮುಖಕ್ಕೆ ಒತ್ತಿಕೊಳ್ಳುವಂತಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆರೆದು, ಬಾವಿಗೆ ಇಣುಕಿದ ಹಾಗೆ ತಲೆ ತಗ್ಗಿಸಿ ಇಣುಕಬೇಕು. ಒಳಗೆ ಬಲದಲ್ಲಿದ್ದದ್ದು ಎಡಕ್ಕೆ ಕಾಣುತ್ತಿತ್ತು, ಎಡದಲ್ಲಿದ್ದದ್ದು ಬಲಕ್ಕೆ. ನಾನು ಹಟ ಹಿಡಿದು ಇಣುಕುತ್ತಿದ್ದೆ. ಅಂಗಳದಲ್ಲಿ ಈ ಕಡೆಯಿಂದ ಆ ಕಡೆ ಹೋಗುತ್ತಿದ್ದ ಕೋಳಿ ಅದರೊಳಗೆ ಆ ಕಡೆಯಿಂದ ಈ ಕಡೆ ಹೋಗುತ್ತಿತ್ತು. ಚರ್ಮದ ಚೀಲ ತೆರೆದರೆ ಕರ್ಪೂರದ ಗುಳಿಗೆಯೂ ಹಳೆ ಚಪ್ಪಲಿಯೂ ಸೇರಿದಂಥ ವಾಸನೆ. ಇವತ್ತಿಗೂ ಕೆಲವು ಹಳೆ ಅಂಗಡಿಗಳಲ್ಲಿ ಆ ವಾಸನೆ ಬಂದರೆ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ.

ಹೀಗೆ ತಲೆ ತಗ್ಗಿಸಿ ತೆಗೆಯುವುದರಿಂದಲೇ ಚಿಕ್ಕಿಯನ್ನು ಜನ ಕರೆಯತೊಡಗಿದ್ದು. ಸ್ಟುಡಿಯೋದ ಗಂಡಸರ ಮುಂದೆ ನಮ್ಮ ಹೆಂಗಸರು ಗರ ಬಡಿದವರ ಹಾಗೆ ಕೂರುತ್ತಿದ್ದರು. ಚಿಕ್ಕಿ ಅವರ ಮುಖ ನೋಡುತ್ತಲೇ ಇರಲಿಲ್ಲ, ನೋಡುತ್ತಿದ್ದದ್ದು ಪೆಟ್ಟಿಗೆಯನ್ನು. ಹಾಗಾಗಿ ಅವರು ಮಾತಾಡುತ್ತ, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತ, ಸೆರಗು ಎಳೆದುಕೊಳ್ಳುತ್ತ ಇರುವಾಗಲೇ ಫೋಟೋ ಆಗಿಬಿಡುತ್ತಿತ್ತು. ಸೀಮಂತದ ದಿನ ಒಳಕೋಣೆಗೆ, ಬಾಣಂತಿಯ ಮಂಚದ ಹತ್ತಿರಕ್ಕೆ, ಎಲ್ಲ ಕಡೆಗೂ ಚಿಕ್ಕಿಯೇ ಆಗಬೇಕು. ಆಗ ಅವಳಿಗೆ ಮೂವತ್ತನಾಲ್ಕು. ಮದುವೆ ಆಗಿರಲಿಲ್ಲ. ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ ಹಾಡು ಹೇಳಿಕೊಡುವುದು, ಉಳಿದ ಹೊತ್ತೆಲ್ಲ ಬೆರೋಲಾ.

ಆದರೆ ಆ ಕ್ಯಾಮರಾಕ್ಕೆ ಒಂದು ಕೆಟ್ಟ ಬುದ್ಧಿ. ಅಂಗಡಿಯಲ್ಲಿ ಸಿಗುವ ಫಿಲ್ಮು ರೋಲಿನ ಉರುಳೆ ಅದರೊಳಗೆ ಕೂರುತ್ತಿರಲಿಲ್ಲ. ಅದಕ್ಕೆ ಅದರದೇ ಸಪೂರದ ಉರುಳೆ ಬೇಕು. ಕುಂದಾಪುರದಿಂದಲೋ ಅಲ್ಲಿ ಸಿಗದಿದ್ದರೆ ಬ್ರಹ್ಮಾವರದಿಂದಲೋ ರೋಲು ತಂದು, ಉಗ್ರಾಣದ ಬಾಗಿಲು ಹಾಕಿಕೊಂಡು, ಕಂಬಳಿಯೊಳಗೆ ಕೈ ತೂರಿಸಿ, ಕತ್ತಲಲ್ಲೇ ಅದನ್ನು ದಪ್ಪ ಉರುಳೆಯಿಂದ ಬಿಚ್ಚಿ ಸಪೂರದ ಉರುಳೆಗೆ ಸುತ್ತಬೇಕು. ಬಾಗಿಲು ಕಾಯುವುದು ನನ್ನ ಕೆಲಸ. ಚಿಕ್ಕಿಯ ಹತ್ತಿರ ಅಂಥ ಉರುಳೆ ಇದ್ದದ್ದು ಮೂರೇ ಮೂರು. ರೋಲು ತೊಳೆಯಲು ಕೊಟ್ಟಾಗ ಸ್ಟುಡಿಯೋದವರು ಅದರಲ್ಲಿ ಒಂದನ್ನು ಕಸದ ಡಬ್ಬಿಗೆ ಬಿಸಾಡಿದರು. ಉಳಿದದ್ದು ಎರಡು. ಕ್ಯಾಮರಾ ನಡೆಯಬೇಕಾದರೆ ಒಳಗೆ ಮೇಲೊಂದು ಕೆಳಗೊಂದು ಎರಡು ಉರುಳೆ ಇರಲೇಬೇಕು. ಇನ್ನೊಂದು ಕಳೆದರೆ ಬೆರೋಲಾ ಬರಿಯ ಡಬ್ಬಿ.

ಚಿಕ್ಕಿ ಸ್ಟುಡಿಯೋದಲ್ಲಿ ವಿಚಾರಿಸಿದಾಗ ಅಲ್ಲಿಯವನು ಹಲ್ಲು ಬಿಟ್ಟ.

"ಇದ್ ಯಾವ್ ಹಾರ್ಮೋನಿಯಂ ಮರಾಯ್ರೆ? ಇದನ್ನ್ ಇಟ್ಕಂಡವ್ರ್ ಈ ಲೋಕದಗೆ ನೀವೊಬ್ರೇ ಇಪ್ದ್."

ಚಿಕ್ಕಿ ಕ್ಯಾಮರಾವನ್ನು ಚೀಲಕ್ಕೆ ಹಾಕಿ ಹೊರಗೆ ಬಂದಳು. ಬಸ್ಸು ಕಾಯುವಾಗ ನನಗೆ ಹೇಳಿದಳು: "ಒಬ್ಳೇ ಅಂಬ್ರ್. ಕಂಪೆನಿಯವ್ರ್ ಒಂದೇ ಮಾಡಿ ಬಾಗ್ಲ್ ಹಾಕ್ಕಂಡ್ ಹೋದ್ರಾ?"

ಅಲ್ಲಿಂದ ನಮ್ಮ ಆಟ ಸುರುವಾಯಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಬಸ್ಸು ಹತ್ತಿ ಮರವಂತೆಗೆ ಹೋಗುವುದು. ಅಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಹೊಳೆ, ನಡುವೆ ರಸ್ತೆ. ದೂರದ ಊರಿನ ಬಸ್ಸುಗಳೆಲ್ಲ ಅಲ್ಲಿ ನಿಂತೇ ಮುಂದೆ ಹೋಗುವುದು. ಜನ ಇಳಿದ ಕೂಡಲೇ ಕ್ಯಾಮರಾ ಹೊರಗೆ ತೆಗೆಯುತ್ತಿದ್ದರು. ಅವರು ಸಮುದ್ರ ನೋಡಿದರೆ ನಾವು ಅವರ ಕೊರಳು ನೋಡುತ್ತಿದ್ದೆವು. ಎಡಗಡೆಯ ಬಸ್ಸು ಚಿಕ್ಕಿಗೆ, ಬಲಗಡೆಯದು ನನಗೆ. ಎಲ್ಲರ ಕೊರಳಲ್ಲೂ ಅದೇ ಎರಡು ಜಪಾನಿ ಹೆಸರು. ನಾನು ಓಡಿ ಓಡಿ ಬಂದು "ಇಲ್ಲೆ ಚಿಕ್ಕಿ" ಎನ್ನುವುದು, ಅವಳು "ನನ್ ಬದಿಯಗೂ ಇಲ್ಲೆ" ಎನ್ನುವುದು. ಆಮೇಲೆ ಗೋಲಿಬಜೆ ತಿಂದು, ಉಪ್ಪು ಗಾಳಿಗೆ ಅಂಟಂಟಾದ ಮುಖ ಹೊತ್ತು ಮನೆಗೆ. ದೀಪಾವಳಿ ಕಳೆದ ಮೇಲೆ ಸುರು ಮಾಡಿದ್ದು. ಸಂಕ್ರಾಂತಿ ಬಂದರೂ ಒಂದು ಬೆರೋಲಾ ಕಣ್ಣಿಗೆ ಬೀಳಲಿಲ್ಲ.

ಅದು ಸಿಕ್ಕಿದ್ದು ನಾವು ಹುಡುಕುವುದನ್ನು ಬಿಟ್ಟು ಬಜೆ ತಿನ್ನುತ್ತಿದ್ದಾಗ. ಚಿಕ್ಕಿ ಕ್ಯಾಮರಾವನ್ನು ರಸ್ತೆ ಬದಿಯ ಮೋರಿಕಟ್ಟೆಯ ಮೇಲಿಟ್ಟಿದ್ದಳು. ಹಿಂದಿನಿಂದ ಯಾರೋ ಕರೆದರು.

"ಹ್ವಾಯ್, ಅದ್ ಬೆರೋಲಾ ಅಲ್ದಾ?"

ತಿರುಗಿದರೆ ಬಿಳಿ ಪಂಚೆ, ತೋಳು ಮಡಚಿದ ಅಂಗಿ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡ ನಲವತ್ತೈದರ ಒಬ್ಬರು. ಚಿಕ್ಕಿಯ ಕೈಯ ಬಜೆ ಕೈಯಲ್ಲೇ ಉಳಿಯಿತು.

"ಹೌದ್. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

ಅವರು ಬಟ್ಟೆ ಚೀಲಕ್ಕೆ ಕೈ ಹಾಕಿ ಇನ್ನೊಂದು ಬೆರೋಲಾ ತೆಗೆದು ನಮ್ಮದರ ಪಕ್ಕ ಇಟ್ಟರು. ಎರಡೂ ಒಂದೇ ಅಚ್ಚು. ಚಿಕ್ಕಿಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ನಗುತ್ತ ನಿಂತದ್ದು ನೋಡಿ ನನಗೆ ನಾಚಿಕೆಯಾಗಿ ಸಮುದ್ರದ ಕಡೆ ತಿರುಗಿದೆ.

ಅವರು ಕಿರಿಮಂಜೇಶ್ವರದ ಸದಾಶಿವ ಮಾಸ್ಟ್ರು. ಬೈಂದೂರು ಕಡೆಯ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುವವರು. ಹೆಂಡತಿ, ಇಬ್ಬರು ಗಂಡುಮಕ್ಕಳು. ಬೊಂಬಾಯಿಯ ಹಳೆ ಸಾಮಾನಿನ ಬಜಾರಿನಲ್ಲಿ ಅವರ ತಮ್ಮನಿಗೆ ಸಿಕ್ಕಿದ ಕ್ಯಾಮರಾ ಅದು.

"ಹದಿನೈದ್ ವರ್ಷ ಆಯ್ತ್ ಕಾಣಿ" ಎಂದರು. "ನನ್ ಬಿಟ್ರೆ ಇನ್ನೊಬ್ರ್ ಇದ್ರ್ ಅಂದೇಳಿ ಗೊತ್ತಿರ್ಲಿಲ್ಲೆ."

"ನಂಗೂ ಗೊತ್ತಿರ್ಲಿಲ್ಲೆ" ಎಂದಳು ಚಿಕ್ಕಿ. ಆಮೇಲೆ ತಡೆಯಲಾರದೆ ಕೇಳಿದಳು: "ನಿಮ್ದ್ರಗೂ ಏಳ್ನೇ ಫೋಟೋಕ್ಕೆ ಬೆಳ್ಕ್ ನುಗ್ಗತ್ತಾ?"

"ಏಳ್ ಅಲ್ಲ, ಎಂಟಕ್ಕೆ. ಹಿಂದೆ ನಂಬ್ರ ಕಾಂಬು ಕೆಂಪ್ ಕಿಟ್ಕಿಗೆ ಒಂದ್ ಕಪ್ಪ್ ಬಟ್ಟಿ ಹಚ್ಚಿ. ನಿಲ್ತ್."

ಚಿಕ್ಕಿ ಏಳು ವರ್ಷದಿಂದ ಅದನ್ನು ತನ್ನ ಕೈಯ ತಪ್ಪು ಎಂದುಕೊಂಡಿದ್ದಳು. ಅವಳ ಮುಖ ನೋಡಬೇಕಿತ್ತು ನೀವು. ಉರುಳೆಯ ಮಾತು ಬಂದಾಗ ಮಾಸ್ಟ್ರು ತಮ್ಮ ಹತ್ತಿರ ಐದಿದೆ ಎಂದರು. ಮುಂದಿನ ಭಾನುವಾರ ಎರಡನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ಅವಳ ಕೈಗೆ ಕೊಟ್ಟರು.

ಎರಡು ತಿಂಗಳು ಹಾಗೆ ನಡೆಯಿತು. ಭಾನುವಾರ, ಅದೇ ಮೋರಿಕಟ್ಟೆ, ಮಟಮಟ ಹಗಲು, ನೂರು ಜನ ಓಡಾಡುವ ಹೆದ್ದಾರಿಯ ಬದಿ. ನಡುವೆ ಎರಡು ಕ್ಯಾಮರಾ, ಆ ಬದಿ ಅವರು, ಈ ಬದಿ ಇವಳು. ಅವರ ಮಾತು ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಮೋಡ ಇದ್ದರೆ ಎಷ್ಟು, ಒಳಕೋಣೆಯ ಕಿಟಕಿ ಬೆಳಕಾದರೆ ಎಷ್ಟು, ಕಪ್ಪು ಸೀರೆ ಉಟ್ಟವರನ್ನು ಎಲ್ಲಿ ಕೂರಿಸುವುದು. ಮಾಸ್ಟ್ರು ಚೀಲದಿಂದ ಸಣ್ಣ ಸಣ್ಣ ಹತಾರ ತೆಗೆದು ಏನೋ ಬಿಚ್ಚಿ ತೋರಿಸುವರು, ಚಿಕ್ಕಿ ಉಸಿರು ಬಿಗಿಹಿಡಿದು ನೋಡುವಳು. ನಾನು ಬೊಂಡದ ನೀರು ಕುಡಿದು, ಚಿಪ್ಪು ಹೆಕ್ಕಿ, ಬೇಸರ ಬಂದು ಅವಳ ಸೆರಗು ಎಳೆಯುವೆ. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದ ಚಿಕ್ಕಿ ಅಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ.

ಇನ್ನು ದೊಡ್ಡ ಮಾವನ ವಿಷಯ. ಅಬ್ಬಿಗೂ ಚಿಕ್ಕಿಗೂ ಅಣ್ಣ. ನಮ್ಮಲ್ಲಿ ಮನೆ ಬರುವುದು ಹೆಣ್ಣುಮಕ್ಕಳ ಕಡೆಯಿಂದ. ಕಾಗದದ ಪ್ರಕಾರ ಆ ಮನೆ ಅಬ್ಬಿ ಮತ್ತು ಚಿಕ್ಕಿಯದು. ಇದನ್ನು ನಮ್ಮವರು ನೆಂಟರ ಮುಂದೆ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಆ ಮನೆಯಲ್ಲಿ ಅಕ್ಕಿ ಎಷ್ಟು ಹಾಕಬೇಕು ಎಂಬುದರಿಂದ ಯಾರು ಯಾವ ಬಸ್ಸು ಹತ್ತಬೇಕು ಎಂಬುದರವರೆಗೆ ಮಾತು ದೊಡ್ಡ ಮಾವನದು, ಬೇರೆಯವರದು ಬರೀ ಹೂಂ.

ಒಂದು ಸಂಜೆ ಅವರು ನನ್ನನ್ನು ಚಾವಡಿಗೆ ಕರೆದು ಕೈಗೆ ಬೆಲ್ಲದ ಮಿಠಾಯಿ ಕೊಟ್ಟರು.

"ಚಿಕ್ಕಿ ಮರವಂತಿಗೆ ಹೋಪುದ್ ಎಂತಕ್ಕೆ ಮಗಾ?"

"ಬೆರೋಲಾ ಕಾಂಬುಕೆ."

"ಬೆರೋಲಾ ಮನಿಯಗೇ ಇತ್ತಲೆ?"

"ಅದಲ್ಲ, ಇನ್ನೊಂದ್. ಮಾಸ್ಟ್ರದ್. ಎರಡೂ ಒಂದೇ ನಮೂನಿ ಇತ್ತ್ ಮಾವ. ಪಕ್ಕ ಪಕ್ಕ ಇಟ್ರೆ ಯಾವ್ದ್ ಯಾರದ್ದ್ ಅಂದೇಳಿ ಗೊತ್ತೇ ಆತಿಲ್ಲೆ."

ನನಗೆ ಜಂಬ. ಊರಲ್ಲಿ ಯಾರಿಗೂ ಗೊತ್ತಿಲ್ಲದ ಸುದ್ದಿ ನನ್ನ ಬಾಯಲ್ಲಿ. ಮಾಸ್ಟ್ರ ಊರು, ಶಾಲೆ, ಅವರು ಕೊಟ್ಟ ಉರುಳೆ, ಎಲ್ಲವನ್ನೂ ಮಿಠಾಯಿ ಚೀಪುತ್ತ ಹೇಳಿದೆ. ಮಾವ ಬೈಯಲಿಲ್ಲ, ಮುಖ ಗಂಟಿಕ್ಕಲಿಲ್ಲ. "ಹೌದಾ" ಎಂದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಹತ್ತು ವರ್ಷದ ಹುಡುಗಿಯನ್ನು ಮಿಠಾಯಿ ಕೊಟ್ಟು ಚಾಡಿ ಹೇಳಿಸಿದ ಆ ಮನುಷ್ಯನನ್ನು ಊರು ಇವತ್ತಿಗೂ ಮಾತಲ್ಲಿ ಜೇನು ಎನ್ನುತ್ತದೆ.

ದೊಡ್ಡ ಮಾವನ ಮಗಳು ಶಶಿಯಕ್ಕನ ಸೀಮಂತ ಹತ್ತಿರ ಬಂದಿತ್ತು. ಹೊಸ ಪಾತ್ರೆಗಳಿಗೆ ಹೆಸರು ಕೊರೆಸಬೇಕು. ನಮ್ಮ ಕಡೆ ಇದು ಎಲ್ಲ ಮನೆಯ ಪದ್ಧತಿ: ಮದುವೆ ಸೀಮಂತಕ್ಕೆ ಒಬ್ಬರ ಕೊಪ್ಪರಿಗೆ, ಚೊಂಬು, ಸೌಟು ಇನ್ನೊಬ್ಬರ ಮನೆಗೆ ಹೋಗುತ್ತವೆ, ಬದಲಾಗದೆ ಹಿಂದೆ ಬರಲಿ ಎಂದು ಪಾತ್ರೆ ಅಂಗಡಿಯಲ್ಲಿ ಸಣ್ಣ ಉಳಿ ಇಟ್ಟು ಕುಟ್ಟಿ, ಚುಕ್ಕೆ ಚುಕ್ಕೆಯಾಗಿ ಅಕ್ಷರ ಹೊಡೆಸುತ್ತಾರೆ. ಚಿಕ್ಕಿ ಅಂಗನವಾಡಿಗೆ ಹೋಗಿದ್ದ ಹೊತ್ತು. ಮಾವ ಗೋಣಿಗೆ ಪಾತ್ರೆ ತುಂಬಿಸಿ ನನ್ನನ್ನು ಕರೆದರು.

"ಚಿಕ್ಕಿ ಕ್ಯಾಮರಾ ಎಲ್ಲಿಡುದ್ ಗೊತ್ತಿತ್ತಾ? ತಕಂಡ್ ಬಾ. ಅದಕ್ಕೂ ಹೆಸ್ರ್ ಹೊಡ್ಸುವ. ಒಂದೇ ನಮೂನಿ ಇತ್ತ್ ಅಂದ್ಯಲೆ, ಬದ್ಲ್ ಆಪ್ದ್ ಬ್ಯಾಡ."

ನನಗೆ ಇದು ದೊಡ್ಡ ಉಪಕಾರ ಎಂದೇ ಅನ್ನಿಸಿತು. ಚಿಕ್ಕಿಯ ಟ್ರಂಕಿನ ಸೀರೆಗಳ ಅಡಿಯಿಂದ ಕ್ಯಾಮರಾ ತೆಗೆದವಳು ನಾನು. ಕುಂದಾಪುರದ ತನಕ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದವಳೂ ನಾನೇ.

ಪಾತ್ರೆ ಅಂಗಡಿಯಲ್ಲಿ ಹೆಸರು ಹೊಡೆಯುವವನಿಗೆ ಆದರೂ ಸ್ವಲ್ಪ ಬುದ್ಧಿ ಇತ್ತು. ಬೆರೋಲಾವನ್ನು ತಿರುಗಿಸಿ ನೋಡಿ, "ಇದ್ರ ಒಳ್ಗೆ ಗಾಜ್ ಗೀಜ್ ಇತ್ತಲೆ ಒಡೇರೆ?" ಎಂದ.

"ಪಾತ್ರಿಗ್ ಹೊಡ್ದಂಗೇ ಹೊಡಿ."

"ಯಾರ ಹೆಸ್ರ್?"

"ಯಾವಾಗ್ಳೂ ಹೊಡುದೇ."

ಯಾವಾಗಲೂ ಹೊಡೆಯುವುದು ಎಂದರೆ ಮನೆಯ ಹೆಸರಿನ ಮೊದಲ ಅಕ್ಷರ, ಅದರ ಪಕ್ಕ ದೊಡ್ಡ ಮಾವನ ಹೆಸರಿನ ಮೊದಲ ಅಕ್ಷರ. ಅವನು ಕ್ಯಾಮರಾವನ್ನು ಮರದ ತುಂಡಿನ ಮೇಲೆ ಅಡ್ಡ ಮಲಗಿಸಿ ಕುಟ್ಟಿದ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಚುಕ್ಕೆಗಳು ಅಕ್ಷರ ಆಗುವುದನ್ನು ಖುಷಿಯಿಂದ ನೋಡಿದೆ. ಚಿಕ್ಕಿಯ ಕ್ಯಾಮರಾಕ್ಕೆ ಚಿಕ್ಕಿಯ ಹೆಸರು ಯಾಕಿಲ್ಲ ಎಂದು ನನಗೆ ಹೊಳೆಯಲೂ ಇಲ್ಲ. ಆ ಮನೆಯಲ್ಲಿ ಬೆಳೆದವಳಿಗೆ ಹೊಳೆಯುವುದಾದರೂ ಹೇಗೆ? ಇದನ್ನು ಬರೆಯುವಾಗ ನನಗೆ ನನ್ನ ಕೆನ್ನೆಗೇ ಎರಡು ಬಿಗಿಯಬೇಕು ಅನ್ನಿಸುತ್ತದೆ.

ಸಂಜೆ ಚಿಕ್ಕಿ ಬಂದು ಅಕ್ಷರ ನೋಡಿದಳು. ಬೆರಳಿಂದ ಸವರಿದಳು. ಆಮೇಲೆ ಚಾವಡಿಗೆ ಹೋಗಿ ನಿಂತಳು.

"ಅಣ್ಣಯ್ಯ, ಇದ್ ನಂದ್."

"ಅಲ್ಲ ಅಂದೇಳಿ ಯಾರ್ ಹೇಳಿದ್ರ್? ಮನಿದ್ ಅಂದ್ರೆ ನಿಂದೂ ಆಯ್ತಲೆ. ಬದ್ಲ್ ಆತಿಲ್ಯಾ ಆ ಮಾಸ್ಟ್ರದ್ದಕ್ಕೆ?"

ಮಾಸ್ಟ್ರು ಎಂಬ ಶಬ್ದವನ್ನು ಅವರು ಎಳೆದು ಹೇಳಿದರು. ಚಿಕ್ಕಿ ನನ್ನ ಕಡೆ ತಿರುಗಿ ನೋಡಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈಯಲಿಲ್ಲ. ಮರುದಿನದಿಂದ ಮರವಂತೆ ಬಂದ್. ಹೋಗಬಾರದೆಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಭಾನುವಾರ ಬಂದ ಕೂಡಲೇ ಮಾವ ಏನಾದರೂ ಕೆಲಸ ಹಚ್ಚುವರು, ಅಷ್ಟೆ. ಹಪ್ಪಳದ ಹಿಟ್ಟು, ಗೇರುಬೀಜ ಒಣಗಿಸುವುದು, ಬಾರದ ನೆಂಟರಿಗೆ ಅಡಿಗೆ.

ಸೀಮಂತದ ದಿನ ಚಿಕ್ಕಿ ಮನಸ್ಸು ಗಟ್ಟಿ ಮಾಡಿಕೊಂಡು ಕ್ಯಾಮರಾ ಎತ್ತಿದಳು. ಶಶಿಯಕ್ಕ ಹಸಿರು ಸೀರೆ ಉಟ್ಟು, ಮುಡಿ ತುಂಬ ಹೆಮ್ಮಾಡಿ ಸೇವಂತಿಗೆ ಮುಡಿದು, ಮಡಿಲಲ್ಲಿ ಹಣ್ಣು ತುಂಬಿಕೊಂಡು ಕೂತಿದ್ದಳು. ಒಳಕೋಣೆಯಲ್ಲಿ ಕೇಳುವವರಿಲ್ಲದಷ್ಟು ನಗು. ಹೋಳಿಗೆಯ ತುಪ್ಪದ ವಾಸನೆ ಕೋಣೆಯ ತನಕ ಬರುತ್ತಿತ್ತು. ಚಿಕ್ಕಿ ತಲೆ ತಗ್ಗಿಸಿ ಹನ್ನೆರಡು ಫೋಟೋ ತೆಗೆದಳು. ನಾನೂ ಒಮ್ಮೆ ಇಣುಕಿದ್ದೆ. ಒಳಗೆ ಶಶಿಯಕ್ಕನ ಮೂಗುತಿಯ ಹರಳು ಕೂಡ ನಿಚ್ಚಳ ಕಾಣುತ್ತಿತ್ತು.

ಒಂದು ವಾರ ಬಿಟ್ಟು ಫೋಟೋ ಬಂತು. ಹನ್ನೆರಡೂ ಮಸುಕು. ಗಂಜಿಯ ತಿಳಿಯಲ್ಲಿ ಅದ್ದಿ ತೆಗೆದ ಹಾಗೆ ಹೆಂಗಸರು, ಯಾರ ಮುಖ ಯಾರದೆಂದು ಹೇಳುವಂತಿಲ್ಲ. ನೋಡುವ ಕಣ್ಣಿಗೂ ಹಿಡಿಯುವ ಕಣ್ಣಿಗೂ ತಾಳ ತಪ್ಪಿತ್ತು. ಕುಟ್ಟಿದ ಏಟಿಗೆ ಮೇಲಿನ ಗಾಜು ಜಾಗ ಬಿಟ್ಟಿತ್ತು. ಇದು ಚಿಕ್ಕಿಗೆ ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಉಳಿದವರಿಗೆ ಗೊತ್ತಾದದ್ದು ಬೇರೆಯೇ.

"ಗಿರಿಜಂಗೆ ಕಣ್ಣ್ ಮಂದ ಆಯ್ತ್ ಕಾಣತ್ತ್" ಎಂದರು ಶಶಿಯಕ್ಕನ ಅತ್ತೆ.

"ಕಣ್ಣಲ್ಲ, ಗ್ಯಾನ ಎಲ್ಲೋ ಇತ್ತ್" ಎಂದರು ಇನ್ನೊಬ್ಬರು. ಅದಕ್ಕೆ ಎಲ್ಲರೂ ನಕ್ಕರು. ಸುದ್ದಿ ಅಷ್ಟು ಹೊತ್ತಿಗೆ ಊರು ಸುತ್ತಿ ಬಂದಿತ್ತು.

ಅವತ್ತು ಚಿಕ್ಕಿ ಚಾವಡಿಯಲ್ಲಿ ಎಲ್ಲರ ಎದುರಿಗೆ ಕೇಳಿದಳು. ಆ ಮನೆಯಲ್ಲಿ ಅವಳು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಣ್ಣಯ್ಯ, ಇದನ್ನ್ ಸರಿ ಮಾಡುಕ್ ಗೊತ್ತಿಪ್ದ್ ಬೈಂದೂರಿಂದ ಬ್ರಹ್ಮಾವರದ ತನಕ ಅವ್ರೊಬ್ರಿಗೇ. ಮಾಸ್ಟ್ರ್ ಒಂದ್ ಗಂಟಿ ಮನಿಗ್ ಬರ್ಲಿ. ಇಲ್ಲೇ ಚಾವಡಿಯಗೆ ಕೂಕಂಡ್ ಮಾಡ್ಲಿ. ನೀವೂ ಕೂಕಣಿ, ಅಕ್ಕನೂ ಕೂಕಣ್ಲಿ. ಒಂದೇ ಗಂಟಿ."

"ಊರಗೆ ಎಂತ ಹೇಳ್ತ್ರ್ ಗೊತ್ತಿತ್ತಾ?"

"ಹೇಳ್ಲಿ. ನೀವ್ ಪಕ್ಕದಗೇ ಇರ್ತ್ರಿ ಅಲ್ದಾ?"

"ಆತಿಲ್ಲೆ ಗಿರಿಜ. ಆ ಡಬ್ಬಿ ಅಟ್ಟಕ್ಕೆ ಹಾಕ್."

ಅಬ್ಬಿ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು. ಅರ್ಧ ಮನೆ ಅವಳದು, ಅವಳ ತಂಗಿ ಬೇಡುತ್ತಿರುವುದು ಒಂದು ಗಂಟೆ. ಬಾಯಿ ಬಿಡಲಿಲ್ಲ ನನ್ನ ಅಬ್ಬಿ. ಅವಳನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆನೋ ಅಷ್ಟೇ ಸಿಟ್ಟು ಆ ಮೌನದ ಮೇಲೆ ಇದೆ. ಅವಳು ತೀರಿಕೊಂಡ ಮೇಲೂ ಹೋಗಿಲ್ಲ.

ಬೇಸಗೆ ರಜೆ ಸುರುವಾದ ಮೊದಲ ವಾರ, ಮಾವ ಗದ್ದೆ ಕಡೆ ಹೋಗಿದ್ದಾಗ, ಚಿಕ್ಕಿ ಕ್ಯಾಮರಾವನ್ನು ಸೆರಗಿನಡಿ ಇಟ್ಟುಕೊಂಡು ನನ್ನ ಕೈ ಹಿಡಿದು ಬಸ್ಸು ಹತ್ತಿದಳು. ಮರವಂತೆ ದಾಟಿತು, ಅವಳು ಕಿಟಕಿಯಾಚೆ ನೋಡಲಿಲ್ಲ. ಕಿರಿಮಂಜೇಶ್ವರದಲ್ಲಿ ಇಳಿದು ದೇವಸ್ಥಾನದ ಹತ್ತಿರ ಮನೆ ಕೇಳಿಕೊಂಡು ಹೋದೆವು. ಹೆಂಚಿನ ಸಣ್ಣ ಮನೆ. ಮೆಟ್ಟಿಲ ಹತ್ತಿರ ಗಂಡಸರ ಚಪ್ಪಲಿ. ಜಗಲಿಯ ಮೊಳೆಗೆ ಆ ಬಟ್ಟೆ ಚೀಲ ನೇತು ಹಾಕಿತ್ತು. ಮಾಸ್ಟ್ರ ಹೆಂಡತಿ ಹೊರಗೆ ಬಂದು ಚಿಕ್ಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೆಮ್ಮಾಡಿಯವ್ರಾ?"

"ಹೌದ್. ಮಾಸ್ಟ್ರ್ ಇದ್ರಾ? ಒಂದ್ ಕ್ಯಾಮರಾ ಸರಿ ಮಾಡುದಿತ್ತ್."

"ಅವ್ರ್ ಇಲ್ಲೆ. ನಿಮ್ ಅಣ್ಣಯ್ಯ ಬಂದಿದ್ರ್. ಶಾಲಿಗೂ ಹೋಯಿ ಹೆಡ್ ಮಾಸ್ಟ್ರ ಹತ್ರ ಹೇಳಿ ಬಂದ್ರಂಬ್ರ್. ನಮ್ದ್ ಮಕ್ಳ್ ಇಪ್ಪು ಮನಿ. ನೀವ್ ಇನ್ ಬಪ್ದ್ ಬ್ಯಾಡ."

ಅದೇ ಹೊತ್ತಿಗೆ ಒಳಗಿನಿಂದ ಗಂಡಸಿನ ಕೆಮ್ಮು ಕೇಳಿತು. ಒಂದು ಸಲ ಕೆಮ್ಮಿ, ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ ನಿಂತಿತು. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಿಂತು ನೋಡುವಷ್ಟು ನಾನೂ ಬೆಳೆದಿದ್ದೇನೆ. ಕೆಮ್ಮಿದವರ ಮೇಲಿದೆ. ಎದ್ದು ಬಾಗಿಲಿಗೆ ಬಂದು ನಮಸ್ಕಾರ ಎನ್ನಲು ಏನು ರೋಗ ಬಂದಿತ್ತು?

"ಅಡ್ಡಿಲ್ಲೆ" ಎಂದಳು ಚಿಕ್ಕಿ. "ಅಡ್ಡಿಲ್ಲೆ, ನಾವ್ ಬತ್ತ್." ರವಿಕೆಯೊಳಗಿನಿಂದ ಕರವಸ್ತ್ರದ ಗಂಟು ತೆಗೆದು ಜಗಲಿಯ ಮೇಲಿಟ್ಟಳು. ಅವರು ಕೊಟ್ಟಿದ್ದ ಎರಡು ಉರುಳೆ.

ಬೆರೋಲಾ ಅಟ್ಟ ಸೇರಿತು. ಆ ಮಳೆಗಾಲಕ್ಕೆ ಮಾಸ್ಟ್ರಿಗೆ ದೂರದ ಊರಿಗೆ ವರ್ಗವಾಯಿತೆಂದು ಕೇಳಿದೆವು. ಆಮೇಲಿನ ಸೀಮಂತಗಳಿಗೆಲ್ಲ ಸ್ಟುಡಿಯೋದ ಗಂಡಸರೇ ಬಂದರು. ನಮ್ಮ ಮನೆಯ ಆಲ್ಬಮ್ಮು ಬಿಡಿಸಿದರೆ ನಿಮಗೂ ಗೊತ್ತಾಗುತ್ತದೆ: ಆ ವರ್ಷದ ನಂತರ ಒಬ್ಬ ಹೆಂಗಸೂ ನಕ್ಕಿಲ್ಲ. ಎಲ್ಲರೂ ಮುಖ ಬಿಗಿದು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಾರೆ.

ಇಷ್ಟು ವರ್ಷ ನಾನು ಇದನ್ನು ಒಂದು ಕ್ಯಾಮರಾ ಹಾಳಾದ ಕಥೆ ಎಂದೇ ತಿಳಿದಿದ್ದೆ. ಮೊನ್ನೆ ಮೊನ್ನೆ ಮೊಬೈಲಿನಲ್ಲಿ ಏನೋ ಹುಡುಕುವಾಗ ಬೆರೋಲಾ ಇಟ್ಟುಕೊಂಡವರ ಗುಂಪೊಂದು ಸಿಕ್ಕಿತು. ಎಲ್ಲೆಲ್ಲಿಯವರೋ, ನೂರಾರು ಮಂದಿ. ಮೇಲಿನ ಗಾಜು ಜಾಗ ತಪ್ಪಿದರೆ ಏನು ಮಾಡುವುದು ಎಂದು ಕೇಳಿದೆ. ಅರ್ಧ ಗಂಟೆಯಲ್ಲಿ ನಾಲ್ಕು ಜನ ಉತ್ತರ ಬರೆದರು. ಮೂರು ಸಣ್ಣ ಸ್ಕ್ರೂ ಸಡಿಲಿಸಿ, ಹಿಂದೆ ಎಣ್ಣೆ ಕಾಗದ ಹಿಡಿದು, ಎರಡೂ ಕಣ್ಣಿಗೆ ಒಂದೇ ಕಾಣುವವರೆಗೆ ಮೇಲಿನ ಗಾಜು ತಿರುಗಿಸಿ ಬಿಗಿಯುವುದು. ಹತ್ತು ನಿಮಿಷದ ಕೆಲಸವಂತೆ.

ಹತ್ತು ನಿಮಿಷ. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ದೊಡ್ಡ ಮಾವ ಬದುಕಿದ್ದಿದ್ದರೆ ಅವತ್ತೇ ಹೋಗಿ ಅವರ ಚಾವಡಿಯಲ್ಲಿ ನಿಂತು ನಾಲ್ಕು ಮಾತು ಹೇಳುತ್ತಿದ್ದೆ. ಅವರಿಲ್ಲ. ಚಿಕ್ಕಿಯ ಹತ್ತಿರ ಹೋದೆ. ಈಗ ಅವಳಿಗೆ ಅರವತ್ತು ದಾಟಿದೆ. ಅಂಗನವಾಡಿಯಿಂದ ನಿವೃತ್ತಿಯಾಗಿ ಕುಂದಾಪುರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಮೊಬೈಲು ಅವಳ ಮುಖಕ್ಕೆ ಹಿಡಿದು ಎಲ್ಲವನ್ನೂ ಓದಿ ಹೇಳಿದೆ. ಅವಳು ಸೂಜಿಗೆ ನೂಲು ಪೋಣಿಸುತ್ತ ಕೇಳಿದಳು.

"ಗೊತ್ತಿತ್ತ್ ನಂಗೆ" ಎಂದಳು.

"ಎಂತ ಗೊತ್ತಿತ್ತ್?"

"ಸರಿ ಮಾಡುದ್. ಮೂರ್ ಸ್ಕ್ರೂ. ಮಾಸ್ಟ್ರ್ ಬಿಚ್ಚಿ ತೋರ್ಸಿ, ನನ್ ಕೈಯಗೇ ಮಾಡ್ಸಿದ್ರ್."

ನಾನು ಮೊಬೈಲು ಕೆಳಗಿಳಿಸಿದೆ. "ಹಂಗಾರೆ ಅವತ್ ಚಾವಡಿಯಗೆ, ಅವ್ರೊಬ್ರಿಗೇ ಗೊತ್ತಿಪ್ದ್ ಅಂದಿದ್ದ್?"

"ಸುಳ್ಳ್. ಒಂದ್ ಗಂಟಿ ಬರ್ಲಿ ಅಂದೇಳಿ ಹೇಳ್ದೆ."

"ಮತ್ತೆ ನೀನೇ ಎಂತಕ್ ಮಾಡ್ಲಿಲ್ಲೆ ಚಿಕ್ಕಿ? ಹತ್ ನಿಮ್ಷದ್ ಕೆಲ್ಸ."

ಅವಳು ನೂಲನ್ನು ಹಲ್ಲಿನಿಂದ ಕಡಿದಳು.

"ಮಾಡಿ ಯಾರಿಗ್ ತೋರ್ಸುದ್?"

ಮೊಬೈಲು ನನ್ನ ಕೈಯಲ್ಲೇ ಇತ್ತು. ಅದರೊಳಗೆ ನೂರಾರು ಬೆರೋಲಾದವರು, ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಚಿಕ್ಕಿಗೆ ಬೇಕಾಗಿದ್ದದ್ದು ಒಬ್ಬರು. ಅವರು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಇದ್ದರು. ಅಷ್ಟನ್ನೂ ನಾವು ಅವಳಿಗೆ ಉಳಿಸಿಕೊಡಲಿಲ್ಲ.